ಡಿಪೋ ಬಯಲಿನ ಕೆಮ್ಮು

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಹೆಂಗಸು ನಾನು. ಅವ್ವ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ನನ್ನನ್ನು ಶಿರಸಿಯ ಕಾಲೇಜಿಗೆ ಕಳಿಸಿದಳು. ಅಲ್ಲಿಂದ ಧಾರವಾಡಕ್ಕೆ ಹೋಗಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಷ್ಟಪಟ್ಟು ಪಡೆದದ್ದನ್ನು ಮುಚ್ಚಿಡುವುದು ಯಾಕೆ?

ನಮ್ಮದು ಎಕ್ಕಂಬಿಯಿಂದ ಒಳಗೆ, ಕಾಡಿನ ಅಂಚಿನ ಸಣ್ಣ ಕೇರಿ. ಬೇಸಿಗೆ ಬಂದರೆ ಹೆಂಗಸರು ಹಳ್ಳಕ್ಕಿಳಿದು ಒರತೆ ತೋಡಿ, ಚಿಪ್ಪಿನಲ್ಲಿ ನೀರು ಮೊಗೆದು ಕೊಡ ತುಂಬಬೇಕಿತ್ತು. ಕೆಲವು ವರ್ಷಗಳ ಹಿಂದೆ ಊರವರೇ ಸೇರಿ ಡಿಪೋ ಬಯಲಿನಲ್ಲಿ ಬಾವಿ ತೋಡಿದರು. ಬ್ರಿಟಿಷರ ಕಾಲದ ದೊಡ್ಡ ಯುದ್ಧಕ್ಕೆ ಮಿಲಿಟರಿಗೆಂದು ಕಡಿದ ಮರವನ್ನು ಅಲ್ಲಿ ರಾಶಿ ಹಾಕುತ್ತಿದ್ದರಂತೆ, ಅದಕ್ಕೇ ಆ ಹೆಸರು. ಹುಲ್ಲೂ ಸರಿಯಾಗಿ ಬೆಳೆಯದ ಜಾಗ. ಯಾರ ಸಾಗುವಳಿಯೂ ಇಲ್ಲದ್ದರಿಂದ ತಕರಾರಿಲ್ಲದೆ ಸಿಕ್ಕಿತು. ನೀರೂ ಬೇಗ ಬಂತು.

ನಮ್ಮಲ್ಲಿ ಹೊಸ ಬಾವಿಗೆ ಗಂಗೆಪೂಜೆ ಮಾಡಿ, ಹಿರಿಯರೊಬ್ಬರು ಮೊದಲ ಬೊಗಸೆ ಕುಡಿದ ಮೇಲೆಯೇ ಉಳಿದವರು ಕೊಡ ಇಳಿಸುವುದು. ಆ ಸಲ ಆ ಮರ್ಯಾದೆ ನನಗೆ ಬಂತು. ನೀರು ಪರೀಕ್ಷಿಸುವುದೇ ನನ್ನ ನೌಕರಿ.

"ಓದಿದಾಕಿ ಕುಡದ್ಲಂದ್ರ ಮುಗೀತು, ಮತ್ಯಾರನ್ನೂ ಕೇಳೂದು ಬ್ಯಾಡ," ಎಂದ ಬಾವಿ ಕೆಲಸದ ಮುಂದಾಳು ಬಸಪ್ಪ ಕಾಕಾ.

"ಮೊದ್ಲು ನೀರಿಗೇ ಪರೀಕ್ಷೆ ಇಡ್ತಾಳ ತಡೀರಿ. ಪಾಸಾದ್ರ ಕುಡೀತಾಳ!" ಎಂದಳು ಒಬ್ಬಳು. ಎಲ್ಲರೂ ನಕ್ಕರು. ಅವತ್ತು ಅವ್ವನ ಮುಖ ನೋಡಬೇಕಿತ್ತು.

ನೀರು ಪಾಸಾಯಿತು. ಆರ್ಸೆನಿಕ್, ಅಂದರೆ ಪಾಷಾಣ, ಇದ್ದರೆ ಬಣ್ಣ ತಿರುಗುವ ಕಾಗದದ ಪಟ್ಟಿ ಬೆಳ್ಳಗೇ ಉಳಿಯಿತು. ಕಾಯಿ ಒಡೆದರು. ಬೊಗಸೆಗೆ ನೀರು ಹಾಕಿದರು. ಬಾಯಿಯ ಹತ್ತಿರ ತಂದೆ.

ಆಗ ಬಯಲಿನ ಮೇಲಂಚಿನಲ್ಲಿ ಯಾರೋ ಕೆಮ್ಮಿದರು. ಒಣಕೆಮ್ಮು, ಕೆಮ್ಮಿ ಕೆಮ್ಮಿ, ಕೊನೆಗೆ ಸೀಟಿ ಊದಿದಂತೆ ಉಸಿರೆಳೆದುಕೊಂಡರು. ತಿರುಗಿ ನೋಡಿದೆ. ಉರಿಬಿಸಿಲು, ಬಟಾಬಯಲು, ಯಾರೂ ಇಲ್ಲ. ಕೇಳಿದರೆ ಬೇರೆ ಯಾರ ಕಿವಿಗೂ ಬಿದ್ದಿರಲಿಲ್ಲ. ಮತ್ತೆ ಬೊಗಸೆ ಎತ್ತಿದೆ. ಮತ್ತೆ ಅದೇ ಕೆಮ್ಮು. ಈ ಸಲ ಕರೆಯುವಂತಿತ್ತು. ನೀರು ಚೆಲ್ಲಿ, ಪರೀಕ್ಷೆಯ ಪೆಟ್ಟಿಗೆ ಎತ್ತಿಕೊಂಡು ಅತ್ತ ನಡೆದೆ.

"ಏ, ಪೂಜಿ ನಡುವ ಎಲ್ಲಿಗೆ ಹೊಂಟೀ?" ಎಂದು ಅವ್ವ ಕೂಗಿದಳು.

ಸದ್ದು ಬಂದ ಕಡೆ ಮುಳ್ಳುಪೊದೆ. ಸರಿಸಿದರೆ ಕಲ್ಲುಗಾರೆಯ ಉದ್ದನೆಯ ತೊಟ್ಟಿ, ಅರ್ಧದಷ್ಟು ಮಣ್ಣು ತುಂಬಿ ಬಾಯ್ದೆರೆದಿತ್ತು. ಒಂದು ಮೂಲೆಯ ತಗ್ಗಿನಲ್ಲಿ ಹಿಂದಿನ ಮಳೆಯ ನೀರು. ಅದರಲ್ಲಿ ಪಟ್ಟಿ ಇಟ್ಟು ನೋಡಿದೆ. ಕಡುಕಂದು ಬಣ್ಣಕ್ಕೆ ತಿರುಗಿತು. ಗೆದ್ದಲು ಹತ್ತದಿರಲೆಂದು ಯುದ್ಧದ ಮರವನ್ನು ಪಾಷಾಣ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದ ತೊಟ್ಟಿ ಅದು. ಯುದ್ಧ ಮುಗಿಯಿತು, ಮರ ಹೋಯಿತು, ಬ್ರಿಟಿಷರೂ ಹೋದರು. ಪಾಷಾಣ ಮಾತ್ರ ಹೋಗಿರಲಿಲ್ಲ. ಅದು ಕೊಳೆಯುವುದಿಲ್ಲ, ಅದಕ್ಕೆ ವಯಸ್ಸಾಗುವುದಿಲ್ಲ. ಇಳಿಜಾರಿನ ಕೆಳಗೇ ನಮ್ಮ ಬಾವಿ. ದಿನವೂ ಕೊಡಗಟ್ಟಲೆ ಸೇದತೊಡಗಿದರೆ ಈ ಮಣ್ಣಿನ ನೀರನ್ನು ಅದು ತನ್ನತ್ತ ಜಗ್ಗಿಕೊಳ್ಳುತ್ತದೆ.

ಕುಡಿಯಬಾರದು ಎಂದೆ. ಬಸಪ್ಪ ಕಾಕಾ ಕೆಂಡವಾದ. "ಚೊಲೋ ಐತಿ ಅಂದಾಕಿನೂ ನೀನ, ಬ್ಯಾಡ ಅನ್ನಾಕಿನೂ ನೀನ!"

"ಇವತ್ತು ಚೊಲೋನ ಐತಿ, ಕಾಕಾ. ನಾಳಿ ಹುಡುಗ್ರ ಹೊಟ್ಟಿಗೆ ನಾ ಜವಾಬ್ದಾರಿ ಆಗಂಗಿಲ್ಲ."

ತೊಟ್ಟಿ ಹೇಗೆ ಸಿಕ್ಕಿತೆಂದು ಕೇಳಿದರು. ಕೆಮ್ಮಿನ ವಿಷಯ ಹೇಳಿದೆ, ಹಾಗೆಯೇ ಕೆಮ್ಮಿಯೂ ತೋರಿಸಿದೆ. ಕೇರಿಗೆಲ್ಲ ಹಿರಿಯಳಾದ ಗಂಗಜ್ಜಿ ನೆರಳಲ್ಲಿ ಕೂತಿದ್ದವಳು ಎದ್ದು ಬಂದಳು.

"ಹಂಗ ಕೆಮ್ಮಬ್ಯಾಡವಾ. ನಮ್ಮಪ್ಪ ಹಂಗ ಕೆಮ್ಮಿ ಕೆಮ್ಮೀನ ಸತ್ತ. ಈ ಡಿಪೋದಾಗ ಮರ ಅದ್ದೂ ಕೆಲಸ ಅವಂದು. ಸಣ್ಣಾಕಿ ಅಂತ ನನ್ನ ಒಳಗ ಬಿಡ್ತಿದ್ದಿಲ್ಲ."

ಅವಳಪ್ಪ ಸತ್ತಾಗ ನನ್ನ ಅವ್ವನೂ ಹುಟ್ಟಿರಲಿಲ್ಲ.

ಆಮೇಲೆ ಪ್ರಯೋಗಾಲಯದಲ್ಲಿ ಆ ಮಣ್ಣು ನೋಡಿದಾಗಲೂ ಪಾಷಾಣ ಖಚಿತವಾಯಿತು. ಬಾವಿ ಮುಚ್ಚಿತು. ಹೆಂಗಸರು ಮತ್ತೆ ಹಳ್ಳಕ್ಕಿಳಿದರು, ನನ್ನನ್ನು ಬೈದುಕೊಂಡೇ ಇಳಿದರು. ಹಳ್ಳದಾಚೆ ಬೇರೆ ಬಾವಿಯಾಗುವವರೆಗೂ ಆ ಬೈಗುಳ ತಪ್ಪಲಿಲ್ಲ. ಆದರೂ ನಾನು ಓದಿದ್ದು ಆ ಒಂದು ದಿನ "ಬೇಡ" ಎನ್ನಲಿಕ್ಕೇ ಎಂದಾದರೂ ಸಾಕು, ಅವ್ವನ ದುಡಿಮೆ ದಂಡವಾಗಲಿಲ್ಲ.

ಹುಲ್ಲಿಲ್ಲದ ನೆಲ ಕಂಡು ನಿನ್ನ ಮನಸ್ಸೇ ಎಚ್ಚರಿಸಿರಬೇಕು ಎನ್ನುತ್ತಾರೆ ಗೆಳತಿಯರು. ಇರಬಹುದು. ಆದರೆ ಸತ್ತವನ ಉಸಿರಿನ ಸೀಟಿ ನನ್ನ ಮನಸ್ಸಿಗೆ ಎಲ್ಲಿಂದ ಬಂತು?

ಗಂಗಜ್ಜಿಗೆ ಬೇರೆಯೇ ನೋವಿತ್ತು. "ಮಗಳು ನಾ ಅಲ್ಲೇ ಕುಂತಿದ್ನಲ್ಲ, ನನ್ನ ಬಿಟ್ಟು ನಿನ್ನ ಯಾಕ ಕರದ?" ಎಂದು ಕೇಳುತ್ತಿದ್ದಳು. ಕೊನೆಗೊಮ್ಮೆ ಉತ್ತರವನ್ನೂ ತಾನೇ ಹೇಳಿದಳು: "ನಾ ಹೇಳಿದ್ರ ಯಾರು ಕೇಳ್ತಿದ್ರು? ನೀ ಓದಿದಾಕಿ."

ಅವಳಪ್ಪನ ಕಾಲಕ್ಕೆ ನಮ್ಮ ಕೇರಿಯ ಹತ್ತಿರ ಶಾಲೆಯೇ ಇರಲಿಲ್ಲ. ಅಷ್ಟು ಜನರ ನಡುವೆ ಓದಿದವಳು ಯಾರೆಂದು ಅವನಿಗೆ ಹೇಗೆ ತಿಳಿಯಿತು?