ಬಂಡೆಯ ಬಿರುಕಿನ ಹಕ್ಕರಿಕೆ

ಚಿತ್ರ ತೆಗೆಯಲೆಂದು ನಾನು ಗುರುತು ಮಾಡಿ ಇಟ್ಟಿದ್ದ ಗಿಡವನ್ನು ನನ್ನ ಬೀಗರೂ ನನ್ನ ಹೆಂಡತಿಯೂ ಸೇರಿ ಕಿತ್ತು ರೊಟ್ಟಿಯ ಜೊತೆಗೆ ಬಡಿಸಿಬಿಟ್ಟರು. ಹೋದ ವರ್ಷ ಬಾದಾಮಿಯ ಗುಡ್ಡದಲ್ಲಿ ನಡೆದ ಈ ಅನ್ಯಾಯಕ್ಕೆ ಇಂದಿನವರೆಗೂ ಇಬ್ಬರಲ್ಲಿ ಒಬ್ಬರೂ ತಪ್ಪಾಯಿತೆಂದಿಲ್ಲ. ಬದಲಿಗೆ ನೆಂಟರ ಮನೆಗಳಲ್ಲಿ ಹೇಳಿಕೊಂಡು ನಗುತ್ತಾರೆ.

ನಿವೃತ್ತನಾದ ಮೇಲೆ ಕಾಡುಗಿಡಗಳ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಮಳೆಗಾಲ ಮುಗಿದೊಡನೆ ನಾನೂ ಹೆಂಡತಿಯೂ ಬೆನ್ನಿಗೆ ಚೀಲ ಏರಿಸಿಕೊಂಡು ಗುಡ್ಡ ಹತ್ತುತ್ತೇವೆ. ಆ ಸಲ ಇಳಕಲ್ಲಿನಿಂದ ಮಗಳ ಮಾವನವರೂ ಬಂದಿದ್ದರು. ಅವರದು ಸೀರೆಯ ವ್ಯಾಪಾರ. ಚೀಲದಲ್ಲಿ ಮಾತ್ರ ಬಟ್ಟೆಗಿಂತ ಒಣಗಿಸಿದ ಕಟಕ ರೊಟ್ಟಿಯೇ ಹೆಚ್ಚು.

ಮೊದಲ ದಿನ ಸಂಜೆ, ನಾವು ತಂಗಿದ್ದ ಹಾಳು ಮಂಟಪದ ಹಿಂದೆ, ಕೆಂಪು ಬಂಡೆಯ ಬಿರುಕಿನಲ್ಲಿ ಹುಲುಸಾದ ಒಂದು ಹಕ್ಕರಿಕೆ ಕಂಡಿತು. ನಮ್ಮ ಕಡೆ ಹೊಲದಲ್ಲಿ ಈ ಸೊಪ್ಪನ್ನು ಎಳೆಯದಾಗಿರುವಾಗಲೇ ಕಿತ್ತು ಹಸಿಯಾಗಿ ತಿಂದುಬಿಡುತ್ತಾರೆ. ಹೂ ಬಿಡುವವರೆಗೆ ಉಳಿಯುವ ಭಾಗ್ಯ ಅದಕ್ಕೆ ಕಡಿಮೆ. ಇಲ್ಲಿಯೋ, ದಂಟಿನ ತುದಿಗೆ ಒಂದು ಮೊಗ್ಗು, ಅದರ ಬಾಯಲ್ಲಿ ಹಳದಿಯ ಗೆರೆ. ಬೆಳಗಿನ ಬಿಸಿಲಿಗೆ ಅರಳುವುದು ಖಚಿತವಿತ್ತು. ಯಾರೂ ತುಳಿಯದಿರಲೆಂದು ಸುತ್ತಲೂ ಕಲ್ಲು ಜೋಡಿಸಿದೆ.

ಬೆಳಿಗ್ಗೆ ಬಿಸಿಲೇರುವವರೆಗೆ ಹಳ್ಳದ ಕಡೆಯ ಗಿಡಗಳನ್ನು ನೋಡಿ ಬಂದೆ. ರೊಟ್ಟಿ, ಶೇಂಗಾ ಚಟ್ನಿ, ಹಸಿ ಸೊಪ್ಪು ಸಿದ್ಧವಾಗಿದ್ದವು. ಹಸಿದಿದ್ದೆ, ಸೊಪ್ಪು ಬಹಳ ಚೆನ್ನಾಗಿದೆಯೆಂದು ಮತ್ತೆ ಕೇಳಿ ಹಾಕಿಸಿಕೊಂಡೆ. ಬಳಿಕ ಕ್ಯಾಮೆರಾ ಹಿಡಿದು ಹೋದರೆ, ಕಲ್ಲುಗಳು ಇಟ್ಟ ಹಾಗೆಯೇ ಇದ್ದವು. ನಡುವೆ ಗಿಡವಿರಲಿಲ್ಲ.

"ಬೀಗ್ರ, ಇಲ್ಲಿದ್ದ ಗಿಡ ಎಲ್ರಿ?" ಎಂದೆ.

"ಕಲ್ಲು ಸುತ್ತಿಟ್ಟಿದ್ರಲ್ರಿ. ನಾಷ್ಟಾಕ್ಕಂತ ನೀವ ಕಾಯ್ದಿಟ್ಟೀರಿ ಅಂತ ತಿಳದ್ವಿ," ಎಂದರು ಬೀಗರು, ಬಾಯಿ ಒರೆಸಿಕೊಳ್ಳುತ್ತ.

"ಅದರಾಗ ಮೊಗ್ಗಿ ಇತ್ತಲ್ರಿ?"

"ಇತ್ರಿ. ಹಿರ್ಯಾರು ಅಂತ ನಿಮ್ಮ ತಾಟಿಗೇ ಹಾಕೇವಿ."

ಹೆಂಡತಿ ಅಷ್ಟಕ್ಕೇ ಬಿಡಲಿಲ್ಲ. "ಭಾಳ ಚಲೋ ಐತಿ ಅಂತ ಕೇಳಿ ಹಾಕಿಸ್ಕೊಂಡವ್ರು ಯಾರ್ರಿ? ಈಗ ಹೊಟ್ಟಿ ಫೋಟೊ ತಗೀರಿ."

ಬೀಗರ ಮೇಲೆ ಸಿಟ್ಟಾಗುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ನಾನೂ ನಕ್ಕೆ, ಮರೆಯಲಿಲ್ಲ. ಬೇರು ಬಿರುಕಿನಲ್ಲೇ ಉಳಿದಿತ್ತು. ಬಾಟಲಿಯ ನೀರನ್ನು ಅದಕ್ಕೆ ಸುರಿದು, ಕಲ್ಲುಗಳನ್ನು ಎತ್ತಿ ದೂರ ಎಸೆದು ಬಂದೆ.

ಈ ವರ್ಷವೂ ಅದೇ ಮಂಟಪಕ್ಕೆ ಹೊರಟಿದ್ದೇವೆ. ಬೀಗರು ಈಗಾಗಲೇ ರೊಟ್ಟಿ ಕಟ್ಟಿಸಿದ್ದಾರಂತೆ. ಇಬ್ಬರಿಗೂ ನನ್ನದೊಂದು ಪ್ರಶ್ನೆ: ಆ ಬೇರು ಚಿಗುರಿ ಮೊಗ್ಗು ಬಿಟ್ಟಿದ್ದರೆ, ಅದು ಅರಳುವವರೆಗೆ ನೀವು ಬರಿಯ ಚಟ್ನಿಯಲ್ಲಿ ರೊಟ್ಟಿ ತಿನ್ನಬಲ್ಲಿರಾ?