ಸೂರ್ಯ ಚಿತ್ತೆಗೆ ಬರುವ ಮುನ್ನ

ಅಣ್ಣಿಗೇರಿಯ ನಮ್ಮ ಮನೆಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕುಳಿತರೆ ಅರ್ಧ ತಾಸಿಗೊಮ್ಮೆ ಕುರ್ಚಿ ಸರಿಸಬೇಕು. ‘ಬಿಸಿಲು ಬಂತು’ ಎಂದುಕೊಂಡೇ ಸರಿಸುತ್ತೇನೆ. ಕಟ್ಟೆ, ಕುರ್ಚಿ, ಪತ್ರಿಕೆಗಳ ಸಮೇತ ಬಿಸಿಲಿನೊಳಕ್ಕೆ ಹೋದವನು ನಾನೇ ಎಂದು, ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ, ಒಮ್ಮೆಯೂ ಅನ್ನಿಸಿಲ್ಲ.

ಎರಡು ತಿಂಗಳ ಹಿಂದೆ ನಮ್ಮ ಶಾಲೆಯವರು ಇಟಲಿಯ ಆ ಹಳೆಯ ವಿಜ್ಞಾನಿಯ ಬಗ್ಗೆ ಉಪನ್ಯಾಸ ಕೊಡಲು ಕರೆದರು. ದುರ್ಬೀನಿನಲ್ಲಿ ಗುರುಗ್ರಹದ ಚಂದ್ರರನ್ನು ಕಂಡು, ಭೂಮಿಯೇ ತಿರುಗುತ್ತದೆಂದು ಸಾರಿ, ಮುಪ್ಪಿನಲ್ಲಿ ಧರ್ಮಾಧಿಕಾರಿಗಳ ಮುಂದೆ ಮಂಡಿಯೂರಿ ಮಾತು ಹಿಂತೆಗೆದುಕೊಂಡ ಪುಣ್ಯಾತ್ಮ. ಏಳುವಾಗ ‘ಆದರೂ ತಿರುಗುತ್ತದೆ’ ಎಂದು ಗೊಣಗಿದನಂತೆ. ಸುಳ್ಳಿದ್ದರೂ ಇರಬಹುದು, ಭಾಷಣಕಾರರಿಗೆ ಅದಿಲ್ಲದೆ ನಡೆಯದು.

ತಯಾರಿಯ ಭರದಲ್ಲಿ ಅವನ ಆವೇಶ ನನ್ನ ಮೈಮೇಲೆ ಬಂತು. ಆಗಲೇ ನಮ್ಮ ಕಪ್ಪುಮಣ್ಣಿನ ಎರಿಹೊಲಕ್ಕೆ ಹದ ಮಳೆಯಾಗಿ, ಕಡಲೆ ಬಿತ್ತಲು ಹೊರಟೆ. ಬೀಜವನ್ನು ಬೂದಿ ಬೆರೆಸಿ ವರ್ಷವಿಡೀ ಕಾಯ್ದವಳು ಅಕ್ಕ ಗಂಗವ್ವ; ಅದು ಹೋದರೆ ನಮ್ಮ ತಳಿಯೇ ಹೋದಂತೆ.

“ಸೂರ್ಯ ಇನ್ನೂ ಚಿತ್ತಿಗೆ ಬಂದಿಲ್ಲೋ ತಮ್ಮಾ. ಕೂರಿಗಿ ಹೂಡಬ್ಯಾಡ,” ಎಂದಳು. ಮಳೆನಕ್ಷತ್ರ ನೋಡಿ ಬಿತ್ತುವವಳು ಅವಳು.

“ಸೂರ್ಯ ಎಲ್ಲಿಗೂ ಬರಂಗಿಲ್ಲಕ್ಕಾ, ತಿರಗೂದು ಭೂಮಿ,” ಎಂದು ಬಿತ್ತಿಯೇಬಿಟ್ಟೆ. ಬೀಜ ಅರ್ಧ ಹೊಲಕ್ಕೇ ಮುಗಿಯಿತು. ಉಳಿದದ್ದನ್ನು ಇಲಿಗಳು ತಿಂದವೆಂದಳು ಅಕ್ಕ. ನಾಲ್ಕು ದಿನ ಜಡಿಮಳೆ ಹಿಡಿದು, ಬಿತ್ತಿದ್ದೆಲ್ಲ ಮಣ್ಣಲ್ಲೇ ಕೊಳೆಯಿತು. ಅವಳ ಮುಖ ನೋಡಲು ನಾಚಿಕೆಯಾಯಿತು.

ಆಗ ಅಟ್ಟದಿಂದ ಗಡಿಗೆ ಇಳಿಸಿದಳು. “ಅರ್ಧಾ ಮುಚ್ಚಿಟ್ಟಿದ್ದೆ. ನಿನ್ನ ಭೂಮಿ ಮ್ಯಾಲೆ ನನಗ ನಂಬಿಗಿ ಇರಲಿಲ್ಲ.”

ನನಗಿನ್ನೂ ಗೊಂದಲವೇ, ನೀವೇ ಹೇಳಿ: ನನ್ನ ಭೂಮಿ ಸೂರ್ಯನ ಸುತ್ತ ತಿರುಗಿ ಆ ಜಾಗ ತಲುಪುವ ದಿನವೂ ಅವಳ ಸೂರ್ಯ ಚಿತ್ತೆಗೆ ಬರುವ ದಿನವೂ ಒಂದೇ. ಹಾಗಾದರೆ ತಪ್ಪಿದ್ದು ಯಾರು? ವಿಜ್ಞಾನವಂತೂ ಅಲ್ಲ, ಅದನ್ನು ಹೊತ್ತುಕೊಂಡು ಅವಸರ ಮಾಡಿದವನಿರಬೇಕು.

ಚಿತ್ತೆಯಲ್ಲಿ ಉಳಿದರ್ಧ ಬಿತ್ತಿದೆವು. ಕೂರಿಗೆ ತಪ್ಪಿದಲ್ಲೆಲ್ಲ ಮಂಡಿಯೂರಿ ಕೈಯಿಂದ ಬೀಜ ಊರುತ್ತಿದ್ದೆ. ಉಡಿಯಲ್ಲಿ ಬೀಜ ಹಿಡಿದು ಅಕ್ಕ ಎದುರು ನಿಂತಳು.

“ಈಗ ಹೇಳೋ ಮಾಸ್ತರ, ಯಾರ ತಿರಗತಾರ?”

“ಸೂರ್ಯ, ಅಕ್ಕಾ.” ಮಣ್ಣಿಗೆ ಮುಖ ಮಾಡಿ ಇನ್ನೇನೋ ಗೊಣಗಿದೆ.

“ಏನಂದಿ?”

“ಏನಿಲ್ಲ.”

ಉಪನ್ಯಾಸದಲ್ಲಿ ಆ ವಿಜ್ಞಾನಿ ಮಂಡಿಯೂರಿದ ಪ್ರಸಂಗ ಬಂದಾಗ, ಅವನನ್ನು ಅಂಜುಬುರುಕನೆನ್ನಲು ಬಾಯಿ ಬರಲಿಲ್ಲ. ಅವನಿಗೂ ಮುಚ್ಚಿಟ್ಟು ಉಳಿಸಬೇಕಾದ ಬೀಜ ಏನೋ ಇದ್ದಿರಬೇಕು.

ಈಗ ಅರ್ಧ ಹೊಲ ಹಸಿರಾಗಿದೆ. ಇಂದು ಬೆಳಿಗ್ಗೆ ಒಳಗಿನಿಂದ ಅಕ್ಕ ಕೂಗಿದಳು, “ಬಿಸಲ ಬಂತು, ಸರಿಯೋ!”

“ಬಂತಕ್ಕಾ,” ಎಂದು ಕುರ್ಚಿ ಸರಿಸಿದೆ. ಈ ಸಲ ಗೊಣಗಲಿಲ್ಲ.