ರುದ್ರಕ್ಕನ ತಲೆಯ ಮೇಲೆ ಕೆಂಡ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಪಕ್ಕದ ಮನೆ ರುದ್ರಕ್ಕನ ತಲೆಯ ಮೇಲೆ ಕೆಂಡ ಸುರಿಯಬೇಕೆಂದು ತೀರ್ಮಾನ ಮಾಡಿ, ಅದಕ್ಕಾಗಿ ಒಂದು ಸೇರು ಅಕ್ಕಿ ನೆನೆಹಾಕಿದೆ.

ಗಾಬರಿಯಾಗಬೇಡಿ. ಎಲ್ಲವೂ ಬೈಬಲ್ ಪ್ರಕಾರವೇ.

ಅಜ್ಜಂಪುರದಲ್ಲಿ ನಮ್ಮದೊಂದು ಪುಟ್ಟ ಸಭೆ. ಎಲ್ಲರೂ ಬಂದರೆ ಇಪ್ಪತ್ತು ಜನ (ಊಟವಿದ್ದರೆ ಅರವತ್ತು). ಪಾಸ್ಟರು ಭಾನುವಾರ ತರೀಕೆರೆಯಿಂದ ಬರುತ್ತಾರೆ. ಅವರ ಹೆಂಡತಿ ಗುರುವಾರ ಬಸ್ಸಿನಲ್ಲಿ ಬಂದು, ನನ್ನ ಮನೆಯ ಪಡಸಾಲೆಯಲ್ಲಿ ನಾಲ್ಕು ಹೆಂಗಸರಿಗೆ ಬೈಬಲ್ ಕ್ಲಾಸ್ ಮಾಡುತ್ತಾರೆ. ಅವರನ್ನು ನಾವು ಪಾಸ್ಟರಮ್ಮ ಅನ್ನುತ್ತೇವೆ. ವಯಸ್ಸು ಮೂವತ್ತು ದಾಟಿಲ್ಲ. ಕಣ್ಣು ಮಾತ್ರ ಪೊಲೀಸಿನವರದು.

ಆ ಗುರುವಾರದ ಪಾಠ ಇಷ್ಟೇ. ದೇವರಿಗೆ ಕಾಣಿಕೆ ಕೊಡಲು ಹೋದಾಗ ಯಾರೊಂದಿಗಾದರೂ ಮನಸ್ತಾಪ ಇರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಇಟ್ಟು, ಮೊದಲು ಹೋಗಿ ರಾಜಿ ಮಾಡಿಕೊಂಡು ಬರಬೇಕು.

"ಇದನ್ನ ನಮ್ಮ ದಿನನಿತ್ಯದ ಜೀವನದಲ್ಲಿ ಹೆಂಗೆ ನಡೆಸ್ಬೇಕು? ಹೇಳಿ ನೋಡೋಣ" ಎಂದರು ಪಾಸ್ಟರಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು.

"ಏನ್ ನೋಡ್ತೀರಿ? ನನ್ನ ಮುಖದ ಮೇಲೆ ಬರ್ದೈತಾ?"

"ಪಕ್ಕದ್ಮನೆಯವರ ಜೊತೆ ಮಾತು ಬಿಟ್ಟು ಏಳು ವರ್ಷ ಆಯ್ತಂತಲ್ಲ ಅಜ್ಜಿ? ಈ ವಾರ ಬಿಟ್ಟು ಮುಂದಿನ ಭಾನುವಾರ ಕರ್ತನ ಭೋಜನ ಐತೆ. ಅಷ್ಟರೊಳಗೆ ರಾಜಿ ಮಾಡ್ಕೊಳಿ. ಇಲ್ಲಾಂದ್ರೆ ನೀವು ತಗೊಳೋದು ಬೇಡ."

"ರೊಟ್ಟಿ ಸುಡೋಳು ನಾನು. ತಿನ್ನೋರು ನೀವಾ?"

"ರೊಟ್ಟೀನೂ ಬೇರೆಯವ್ರು ಸುಡ್ತಾರೆ, ಬಿಡಿ."

ಇದು ನನಗೆ ನಾಟಿತು. ಕರ್ತನ ಭೋಜನದಲ್ಲಿ ಪಾಸ್ಟರು ಮುರಿದು ಹಂಚುವ ರೊಟ್ಟಿಯನ್ನು ಮೂವತ್ತು ವರ್ಷದಿಂದ ನಾನೇ ಸೌದೆ ಒಲೆಯ ಮೇಲೆ ಸುಡುತ್ತಿದ್ದೇನೆ. ನನಗೆ ಗಟ್ಟಿಯಾಗಿ ಓದಲು ಬರುವುದಿಲ್ಲ. ಹಾಡಿದರೆ ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. ಆ ಸಭೆಯಲ್ಲಿ ನನ್ನದು ಅಂತ ಇರುವುದು ಆ ರೊಟ್ಟಿಯೊಂದೇ. ಅದೂ ಕೈತಪ್ಪಿದರೆ ನನಗೂ ಅಲ್ಲಿರುವ ಬೆಂಚಿಗೂ ಏನು ವ್ಯತ್ಯಾಸ?

ಜಗಳ ಏನೆಂದು ಕೇಳುತ್ತೀರಾ? ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ನನ್ನ ಕೋಳಿ ಗೋಡೆ ಹಾರಿ, ರುದ್ರಕ್ಕ ಚಾಪೆಯ ಮೇಲೆ ಒಣಗಿಸಿದ್ದ ಸಂಡಿಗೆಯನ್ನು ಕೆದರಿತು. ಅವಳು ಸೌದೆ ಎಸೆದಳು. ಕೋಳಿಯ ಕಾಲು ಮುರಿಯಿತು. ಕಾಲು ಮುರಿದ ಕೋಳಿಯನ್ನು ಏನು ಮಾಡುತ್ತಾರೆ? ಸಾರು ಮಾಡುತ್ತಾರೆ. ನಾನು ಮಾಡಿದ್ದು ಸೋಮವಾರ. ರುದ್ರಕ್ಕ ಕೊರಳಲ್ಲಿ ಲಿಂಗ ಕಟ್ಟಿದವಳು, ಸೋಮವಾರ ಸಂಜೆವರೆಗೆ ಉಪವಾಸ ಇರುವವಳು. ನನ್ನ ಸಾರಿನ ಗಾಳಿ ನೇರ ಅವಳ ದೇವರ ಕೋಣೆಗೆ ಹೋಯಿತು. ಗಾಳಿಯೇನು ನನ್ನ ಕೈಯಲ್ಲಿದೆಯೇ?

ಅದಕ್ಕೆ ಮೊದಲು ನಾವು ಹೇಗಿದ್ದೆವೆಂದರೆ, ಅವಳ ಮನೆಗೆ ಏನಾದರೂ ಕಳಿಸುವುದಕ್ಕೆಂದೇ ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ಡಬರಿ ಬೇರೆ ಇತ್ತು. ಅದು ಮೊಟ್ಟೆಯ ಮುಖವನ್ನೂ ಕಂಡದ್ದಲ್ಲ. ಸಾರಿನ ಸೋಮವಾರದ ಮೇಲೆ ಅದು ಅಟ್ಟ ಸೇರಿತು.

ಇರಲಿ. ಶುಕ್ರವಾರ ಬೆಳಿಗ್ಗೆ, ಕಡೂರಿನಲ್ಲಿರುವ ಮಗಳು ಕೊಡಿಸಿದ ದೊಡ್ಡಕ್ಷರದ ಬೈಬಲ್ ತೆಗೆದೆ. ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತೇನೆ, ಒಂದು ಪುಟಕ್ಕೆ ಒಂದು ಬೆಳಗು. ತಲೆ ಬಗ್ಗಿಸದೆ ರಾಜಿ ಮಾಡಿಕೊಳ್ಳುವ ದಾರಿ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಒಂದು ಪುಟದ ಕೊನೆಯಲ್ಲಿ ಸಿಕ್ಕೇಬಿಟ್ಟಿತು! ವೈರಿ ಹಸಿದಿದ್ದರೆ ಉಣ್ಣಲು ಕೊಡಬೇಕಂತೆ, ಬಾಯಾರಿದ್ದರೆ ಕುಡಿಯಲು ಕೊಡಬೇಕಂತೆ. ಹಾಗೆ ಮಾಡಿದರೆ ಅವರ ತಲೆಯ ಮೇಲೆ ಕೆಂಡ ಗುಡ್ಡೆ ಹಾಕಿದ ಹಾಗಂತೆ.

ಪುಸ್ತಕ ಮುಚ್ಚಿದೆ. ಕನ್ನಡಕ ತೆಗೆದೆ. ಇಷ್ಟು ಒಳ್ಳೆಯ ಮಾತನ್ನು ಇಷ್ಟು ವರ್ಷ ಯಾರೂ ಯಾಕೆ ಹೇಳಿಕೊಡಲಿಲ್ಲ?

ಆ ಕ್ಷಣವೇ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದೆ.

ಆದರೆ ಒಂದು ತೊಡಕು. ವೈರಿ ಹಸಿದಿರಬೇಕಲ್ಲ? ಹೊಟ್ಟೆ ತುಂಬಿದವಳಿಗೆ ಕೊಟ್ಟರೆ ಕೆಂಡ ಬೀಳುತ್ತದೋ ಇಲ್ಲವೋ, ಅದನ್ನು ಬರೆದಿರಲಿಲ್ಲ. ಶನಿವಾರ ಗೋಡೆಯ ಮೇಲೆ ಇಣುಕಿದೆ. ರುದ್ರಕ್ಕ ಅಂಗಳದಲ್ಲಿ ಕೂತು ಈರುಳ್ಳಿ ವಿಂಗಡಿಸುತ್ತಿದ್ದಳು.

"ರುದ್ರಕ್ಕಾ, ಹಸಿವಾಗೈತೇನೇ?"

ಏಳು ವರ್ಷದ ಮೇಲೆ ನಾನು ಅವಳೊಂದಿಗೆ ಆಡಿದ ಮೊದಲ ಮಾತು. ಅವಳ ಕೈಯಿಂದ ಈರುಳ್ಳಿ ಜಾರಿತು.

"ಯಾಕೆ?"

"ಆಗೈತೋ ಇಲ್ವೋ, ಅಷ್ಟು ಹೇಳು."

"ಈಗ ತಾನೆ ಉಂಡೆ."

"ಮತ್ತೆ ಯಾವಾಗ ಆಗುತ್ತೆ?"

"ಲೇ, ನಿನ್ ತಲೆ ನೆಟ್ಟಗೈತಾ?"

"ನನ್ ತಲೆ ನೆಟ್ಟಗೇ ಐತೆ. ನಿನ್ ತಲೆ ನೋಡ್ಕೋ."

ಸಂಜೆ ಡಬರಿಯನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಬಿಸಿ ಕಜ್ಜಾಯ ತುಂಬಿ ಗೋಡೆಯ ಮೇಲಿಟ್ಟೆ. ರುದ್ರಕ್ಕ ಡಬರಿಯನ್ನು ನೋಡಿದಳು. ನನ್ನನ್ನು ನೋಡಿದಳು. ಒಳಗೆ ಒಯ್ದಳು.

ಭಾನುವಾರ ಡಬರಿ ವಾಪಸ್ ಬಂತು. ತುಂಬಾ ಎಳ್ಳುಂಡೆ!

ನಾನು ಮರೆತಿದ್ದೆ ನೋಡಿ. ನಮ್ಮ ಕಡೆ ತಿಂಡಿ ತಂದ ಪಾತ್ರೆಯನ್ನು ಯಾರೂ ಖಾಲಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕುತ್ತಾರೆ. ಜಗಳ ಬೇರೆ, ಪಾತ್ರೆ ಬೇರೆ.

ಎರಡು ಎಳ್ಳುಂಡೆ ತಿಂದ ಮೇಲೆ ಹೊಳೆಯಿತು. ನಾನೂ ಅವಳ ವೈರಿಯಲ್ಲವೇ? ನನಗೂ ಹಸಿವಾಗಿತ್ತಲ್ಲವೇ? ಹಾಗಾದರೆ ಈಗ ಕೆಂಡ ಯಾರ ತಲೆಯ ಮೇಲಿದೆ? ನೆತ್ತಿ ಮುಟ್ಟಿ ನೋಡಿಕೊಂಡೆ. ಸ್ವಲ್ಪ ಬೆಚ್ಚಗಿತ್ತು (ಬಿಸಿಲಿಗೂ ಇರಬಹುದು).

ಪಾಸ್ಟರಮ್ಮನಿಗೆ ಫೋನ್ ಮಾಡಿದೆ. ಅವರು ತವರಿಗೆ ಹೋಗಿದ್ದರು, ಆ ಗುರುವಾರ ಕ್ಲಾಸೂ ಇಲ್ಲವಂತೆ.

"ಅಮ್ಮಾ, ಶತ್ರು ತಿರುಗಿ ಊಟ ಕೊಟ್ರೆ ಕೆಂಡ ಯಾರಿಗೆ ಬೀಳುತ್ತೆ?"

"ಅಜ್ಜೀ, ಮಗು ಅಳ್ತೈತೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು.

ಸುಮ್ಮನಿರಲು ಆಗುತ್ತದೆಯೇ? ನಾನು ನಿಪ್ಪಟ್ಟು ಕಳಿಸಿದೆ. ಅವಳು ಕಾಯಿಹೋಳಿಗೆ ಕಳಿಸಿದಳು. ನಾನು ಶಾವಿಗೆ ಪಾಯಸ, ಅವಳು ಕರಿಗಡುಬು. ಶುಕ್ರವಾರದ ಹೊತ್ತಿಗೆ ನನಗೆ ಹುಳಿತೇಗು, ಅವಳಿಗೆ ಓಮಿನ ಕಷಾಯ. ಯಾರೂ ಸೋಲಲು ತಯಾರಿಲ್ಲ. ಗೋಡೆಯ ಬಳಿ ಮಾತು ಮಾತ್ರ ಹೀಗೆ:

"ನಿಪ್ಪಟ್ಟಿಗೆ ಉಪ್ಪೇ ಇರ್ಲಿಲ್ಲ."

"ಮತ್ತೆ ಡಬರಿ ಖಾಲಿ ಆಗಿತ್ತಲ್ಲ?"

"ಹಸ ತಿಂತು."

ಮೂತಿಯ ಮೇಲೆ ನಿಪ್ಪಟ್ಟಿನ ಚೂರು ಇಟ್ಟುಕೊಂಡು ಹೇಳಿದಳು, ಹಸ ತಿಂತು ಅಂತ.

ಶನಿವಾರ ಅವಳೇ ಹಿಡಿದಳು. "ಅಲ್ಲ ಕಣೇ, ವಾರದಿಂದ ನೋಡ್ತಿದೀನಿ, ನನ್ ತಲೇನೇ ಯಾಕೆ ನೋಡ್ತೀಯ? ಹೇನ್ ಹರೀತಿದಾವಾ?"

ನಾನು ಸುಳ್ಳು ಹೇಳುವವಳಲ್ಲ. ಕೆಂಡದ ವಿಷಯ ಹೇಳಿದೆ. ಅವಳ ವಿಭೂತಿ ಹಣೆಯ ಮೇಲೇ ಬಿರುಕು ಬಿಟ್ಟಿತು.

"ಥೂ ನಿನ್ನ! ಕೆಂಡ ಹಾಕಕ್ಕೆ ಕಜ್ಜಾಯ ಕೊಟ್ಯಾ?"

"ನಾನಲ್ಲ ಕಣೇ, ಪುಸ್ತಕದಲ್ಲೈತೆ."

"ತಗೊಂಬಾ ಇಲ್ಲಿ."

ರುದ್ರಕ್ಕ ಏಳನೇ ಕ್ಲಾಸ್ ಪಾಸಾದವಳು. ನನ್ನ ಬೈಬಲ್ಲನ್ನು ಗೋಡೆಯ ಮೇಲಿಟ್ಟುಕೊಂಡು, ಬೆರಳಿಡದೆ ಸರಸರ ಓದಿದಳು. ಆಮೇಲೆ ನಾನು ಮಾಡದ ಒಂದು ಕೆಲಸ ಮಾಡಿದಳು. ಪುಟ ತಿರುವಿದಳು.

"ಲೇ, ಇಲ್ಲಿ ಮುಂದಕ್ಕೈತಲ್ಲೇ! ಕೆಟ್ಟದ್ದಕ್ಕೆ ಸೋಲ್ಬೇಡ, ಒಳ್ಳೇದು ಮಾಡಿ ಕೆಟ್ಟದ್ದನ್ನ ಗೆಲ್ಲು ಅಂತ ಐತೆ. ಓದ್ಲಿಲ್ವಾ?"

"ಪುಟ ಮುಗ್ದಿತ್ತು."

"ನಮ್ಮ ಮಠದ ಸ್ವಾಮಿಗಳೂ ಇದನ್ನೇ ಹೇಳ್ತಾರೆ. ಇಷ್ಟು ಎಣ್ಣೆ ಸುಡ್ಸಲ್ಲ, ಅಷ್ಟೇ."

ನೀವು ನಗುತ್ತಿದ್ದೀರಿ. ನಗಿ. ಡಾಕ್ಟರು ಕೊಟ್ಟ ಚೀಟಿಯಲ್ಲಿ ಮಾತ್ರೆಯ ಸಾಲು ಓದಿ, "ಸಿಹಿ ಬಿಡಬೇಕು" ಅನ್ನುವ ಸಾಲನ್ನು ನೀವು ಓದಿದ್ದೀರಾ? ಬೇಕಾದ ಸಾಲು ಬಂದ ಕೂಡಲೇ ಪುಸ್ತಕ ಮುಚ್ಚುವವಳು ನಾನೊಬ್ಬಳೇ ಅಲ್ಲ. ನಾಲ್ಕು ಡಿಗ್ರಿ ಮಾಡಿದವರೂ ಹಾಗೇ ಮುಚ್ಚುತ್ತಾರೆ. ಅವರು ಬೆರಳಿಡುವುದಿಲ್ಲ, ಅಷ್ಟೇ ವ್ಯತ್ಯಾಸ.

ರುದ್ರಕ್ಕ ಪುಸ್ತಕ ಮುಚ್ಚಿ ಕೊಟ್ಟಳು. ಹೋಗಲಿಲ್ಲ.

"ಅಲ್ವೇ, ಕೆಂಡ ಅಂದ್ರೆ ಶಾಪ ಅಂತ ಯಾರ್ ಹೇಳಿದ್ರು ನಿನ್ಗೆ? ನಿಮ್ಮನೆ ಒಲೆ ಆರ್ದಾಗೆಲ್ಲ ಬೆರಣಿ ಹಿಡ್ಕೊಂಡು ನಮ್ಮನೆಗೆ ಬತ್ತಿರ್ಲಿಲ್ವಾ ಕೆಂಡಕ್ಕೆ?"

ಬರುತ್ತಿದ್ದೆ. ಇಬ್ಬರೂ ಹೊಸ ಸೊಸೆಯಂದಿರಾಗಿದ್ದಾಗ. ನನ್ನತ್ತೆ ಬೆಂಕಿಪೊಟ್ಟಣ ಬಚ್ಚಿಡುತ್ತಿದ್ದ ಕಾಲ.

"ಇನ್ನೊಂದು ಕೇಳ್ತೀನಿ" ಎಂದಳು. "ಆ ಸಾರನ್ನ ಮಂಗಳವಾರ ಮಾಡಕ್ಕೆ ಆಗ್ತಿರ್ಲಿಲ್ವಾ?"

ಏಳು ವರ್ಷ ತಪ್ಪನ್ನು ಗಾಳಿಯ ಮೇಲೆ ಹಾಕಿದ್ದೆ. ಕೋಳಿ ಇನ್ನೂ ಒಂದು ದಿನ ಕುಂಟಿಕೊಂಡು ಇರುತ್ತಿತ್ತು. ಅದು ನನಗೆ ಗೊತ್ತಿತ್ತು. ಆ ದಿನ ಕಿಟಕಿ ತೆರೆದವಳೂ ನಾನೇ.

"ಆಗ್ತಿತ್ತು" ಎಂದೆ.

ಅವಳು ಸ್ವಲ್ಪ ಹೊತ್ತು ಗೋಡೆಯ ಸುಣ್ಣ ಕೆರೆದಳು.

"ನಾನೂ ಕೋಳಿ ಓಡ್ಸಕ್ಕೆ ಅಂತ ಎಸೀಲಿಲ್ಲ. ಕಾಲು ಮುರೀಲಿ ಅಂತ್ಲೇ ಎಸ್ದೆ."

"ಗೊತ್ತಿತ್ತು."

"ಗೊತ್ತಿದ್ರೆ ಸರಿ" ಎಂದು ಒಳಗೆ ಹೋದಳು. ರಾಜಿ ಎಂದರೆ ಇಷ್ಟೇ. ನಾವು ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ. ಇಬ್ಬರಿಗೂ ಹೊಟ್ಟೆ ಉಬ್ಬರಿಸಿತ್ತು.

ಮಾರನೇ ದಿನ ಭಾನುವಾರ. ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದಿಟ್ಟು, ಒಲೆಗೆ ಸೌದೆ ಜೋಡಿಸಿ, ಬೆಂಕಿಪೊಟ್ಟಣ ಗೂಡಿನಲ್ಲೇ ಇದ್ದರೂ, ಒಂದು ತುಂಡು ಬೆರಣಿ ಹಿಡಿದು ರುದ್ರಕ್ಕನ ಬಾಗಿಲಿಗೆ ಹೋದೆ.

"ಕೆಂಡ ಕೊಡೇ."

"ಕೆಂಡ ಎಲ್ಲಿಂದ ತರ್ಲೇ? ನಮ್ಮನೇಲಿ ಗ್ಯಾಸ್ ಬಂದು ಐದು ವರ್ಷ ಆಯ್ತು. ಲೈಟರ್ ಐತೆ, ಬೇಕಾ?"

ಗ್ಯಾಸಿನ ಲೈಟರಿನಿಂದ ಸೌದೆ ಹೊತ್ತುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಇಸಿದುಕೊಂಡು, ಗಾಳಿಗೆ ಆರದ ಹಾಗೆ ಸೆರಗು ಮರೆ ಮಾಡಿಕೊಂಡು ಮನೆಗೆ ತಂದೆ.